ಹಿಂದಿನ ಗೋಡೆಯ ಪಕ್ಕ ಎರಡು ಅಡಿ ಮಣ್ಣು

ಸೈಕಲ್ ಸ್ಟ್ಯಾಂಡಿನ ಹಿಂದಿನ ಗೋಡೆಯವರೆಗೂ ಈ ಬೇಸಿಗೆ ರಜೆಯಲ್ಲಿ ಇಂಟರ್‌ಲಾಕ್ ಕಲ್ಲು ಹಾಸುತ್ತಾರಂತೆ. ಸುದ್ದಿ ಬಂದ ದಿನ ನಾನು ತರಗತಿಯಲ್ಲಿ, "ಅಲ್ಲಿ ಒಂದು ಹೂವಿನ ಬಳ್ಳಿ ಇದೆ" ಎಂದೆ. ಇಬ್ಬರು ಎದ್ದು ಹೋಗಿ ನೋಡಿ ಬಂದರು. ಒಣ ಹುಲ್ಲು, ಚಿಪ್ಸ್ ಪೊಟ್ಟಣ, ಮುರಿದ ಬೆಂಚಿನ ಕಾಲು, ಅಷ್ಟೇ. "ಎಲ್ಲಿದೆ ನಿನ್ನ ಬಳ್ಳಿ?" ಎಂದು ನಕ್ಕರು. ಅವರ ತಪ್ಪಲ್ಲ. ಫೆಬ್ರವರಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ಆದರೆ ಹೋದ ಆಗಸ್ಟಿನಲ್ಲಿ ಅದನ್ನು ಎಲ್ಲರೂ ನೋಡಿದ್ದೀರಿ. ಬೇಲಿಯ ತಂತಿ ಹಿಡಿದು ಆಳೆತ್ತರ ಏರಿತ್ತು. ಎಸಳುಗಳು ಅಲೆಅಲೆಯಾಗಿ, ಬುಡದಲ್ಲಿ ಹಳದಿ, ಮೇಲೆ ಕೆಂಪು, ಬೆಂಕಿಯ ನಾಲಿಗೆಯ ಹಾಗೆ ಹಿಂದಕ್ಕೆ ಬಾಗಿದ್ದವು. ಅದೇ ಗೌರಿ ಹೂ. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಆ ಹೆಸರು ಎಂದು ಕನ್ನಡ ಮೇಡಂ ಹೇಳಿದರು. ನಮ್ಮ ನಾನಿ ಕಲಿಹಾರಿ ಅನ್ನುತ್ತಾರೆ. ಪಕ್ಕದ ತಮಿಳುನಾಡಿಗೆ ಇದು ರಾಜ್ಯದ ಹೂವು. ನಮ್ಮಲ್ಲಿ ಬೇಲಿಯ ಕಳೆ.

ಇದನ್ನು ಯಾರೂ ನೆಟ್ಟಿಲ್ಲ, ಯಾರೂ ನೀರು ಹಾಕಿಲ್ಲ. ಮಳೆ ಬಿದ್ದರೆ ಏಳುತ್ತದೆ, ಮಳೆ ಮುಗಿದು ಕಾಯಿ ಒಡೆದ ಮೇಲೆ ಪೂರ್ತಿ ಒಣಗಿ ಹೋಗುತ್ತದೆ. ಜೀವ ಇರುವುದು ಮಣ್ಣಿನೊಳಗಿನ ಗಡ್ಡೆಯಲ್ಲಿ. ಅದು ಕವಲೊಡೆದ, ನೇಗಿಲಿನಂಥ ಗಡ್ಡೆ. ಪ್ರತಿ ವರ್ಷ ಹಳೆಯ ಗಡ್ಡೆ ಸೊರಗುತ್ತದೆ, ಅಷ್ಟರಲ್ಲಿ ಹೊಸದು ಬಲಿತಿರುತ್ತದೆ. ನಮ್ಮ ಲೆಕ್ಕಶಾಸ್ತ್ರದ ಸವಕಳಿ ಪಾಠದಲ್ಲಿ ಇಂಥ ಆಸ್ತಿ ಇಲ್ಲ.

ಇದು ನನಗೆ ಗೊತ್ತಾದದ್ದು ಒಂದನ್ನು ಕೊಂದ ಮೇಲೆ. ಎರಡು ವರ್ಷದ ಹಿಂದೆ ನಾನಿಯ ಹಳ್ಳಿಯಿಂದ ಒಂದು ಗಡ್ಡೆ ತಂದು ಕುಂಡದಲ್ಲಿ ನೆಟ್ಟೆ. ಮೂರು ಬೆರಳು ಆಳ, ಅಡ್ಡವಾಗಿ ಮಲಗಿಸಿ, ಮೊಳಕೆಯ ತುದಿ ಮುರಿಯದ ಹಾಗೆ. ತುದಿ ಮುರಿದರೆ ಆ ಕವಲು ಮೊಳೆಯುವುದಿಲ್ಲ. ನಾಲ್ಕು ಹೂ ಬಿಟ್ಟಿತು. ಡಿಸೆಂಬರಿನಲ್ಲಿ ಬಳ್ಳಿ ಒಣಗಿತು. ನನಗೆ ಗಾಬರಿ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು, ಕೆಲವು ದಿನ ಸಂಜೆಯೂ. "ಮರಾ ನೈ ಬೇಟಾ, ಸೋಯಾ ಹೈ" ಎಂದು ನಾನಿ ಫೋನಿನಲ್ಲಿ ಹೇಳಿದರು. ಸತ್ತಿಲ್ಲ, ಮಲಗಿದೆ, ಬಿಟ್ಟುಬಿಡು ಅಂತ. ನಾನು ಬಿಡಲಿಲ್ಲ. ಜೂನ್‌ನಲ್ಲಿ ಅಗೆದು ನೋಡಿದರೆ ಗಡ್ಡೆ ಕೊಳೆತು ನಾರುತ್ತಿತ್ತು. ಈ ಗಿಡದ ಆರೈಕೆಯಲ್ಲಿ ಅರ್ಧ ಭಾಗ ಏನೂ ಮಾಡದೆ ಇರುವುದೇ. ನನ್ನಂಥವರಿಗೆ ಅದೇ ಕಷ್ಟ.

ಇದು ವಿಷದ ಗಿಡ, ಕಾಲೇಜಿನಲ್ಲಿ ಯಾಕೆ ಎಂದು ಒಬ್ಬ ಸರ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಗಡ್ಡೆ, ಬೀಜ, ಎಲೆ ಎಲ್ಲದರಲ್ಲೂ ಕೋಲ್ಚಿಸಿನ್ ಇದೆ. ಗೆಣಸು ಎಂದುಕೊಂಡು ತಿಂದು ಸತ್ತವರಿದ್ದಾರೆ. ಅದೇ ಕೋಲ್ಚಿಸಿನ್ ಗೌಟ್ ಎಂಬ ಕೀಲು ಬೇನೆಗೆ ಔಷಧಿ. ಅದಕ್ಕಾಗಿಯೇ ತಮಿಳುನಾಡಿನ ರೈತರು ಇದನ್ನು ಹೊಲದಲ್ಲಿ ಬೆಳೆದು ಬೀಜ ಮಾರುತ್ತಾರೆ. ಆದರೆ ನಮ್ಮ ಮುಂದಿನ ಗೇಟಿನ ಎರಡೂ ಕಡೆ ಕಣಗಿಲೆ ಇದೆಯಲ್ಲ, ಅದೂ ವಿಷವೇ. ಅದನ್ನು ನಾವು ಕಿತ್ತಿಲ್ಲ, ಚೆನ್ನಾಗಿ ಕತ್ತರಿಸಿ ಇಟ್ಟಿದ್ದೇವೆ. ಹದಿನಾರು, ಹದಿನೇಳು ವರ್ಷದವರು ಓದುವ ಕಾಲೇಜಿದು. "ವಿಷ, ಮುಟ್ಟಬೇಡಿ" ಎಂದು ಕನ್ನಡ, ಉರ್ದು ಎರಡರಲ್ಲೂ ಒಂದು ಬೋರ್ಡ್ ಬರೆದರೆ ಸಾಕು. ಬರೆಯಲು ನಾನು ತಯಾರು. ನನ್ನ ಉರ್ದು ಅಕ್ಷರ ಕನ್ನಡಕ್ಕಿಂತ ಕೆಟ್ಟದಾಗಿದೆ, ಅದಕ್ಕೆ ಬೇರೆಯವರು ಬೇಕು.

ಇನ್ನು ಖರ್ಚಿನ ಮಾತು. ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ನರ್ಸರಿಯಿಂದ ಹೂವಿನ ಕುಂಡಗಳು ಬರುತ್ತವೆ. ವೇದಿಕೆ ಮುಂದೆ ಒಂದು ದಿನ ಚಂದ. ಪರೀಕ್ಷೆ ಹೊತ್ತಿಗೆ ಒಣಗಿದ ಕುಂಡಗಳು ಮೆಟ್ಟಿಲ ಕೆಳಗೆ ಸೇರುತ್ತವೆ. ಮುಂದಿನ ವರ್ಷ ಮತ್ತೆ ಬಿಲ್. ಗೋಡೆಯ ಗೌರಿ ಹೂವಿಗೆ ಕಾಲೇಜು ಇವತ್ತಿನವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಕಲ್ಲು ಹಾಸಲೇಬೇಡಿ ಎಂದು ನಾನು ಹೇಳುವುದಿಲ್ಲ. ಮಳೆಯಲ್ಲಿ ಅಲ್ಲಿ ಸೈಕಲ್ ಜಾರಿ ನಾನೂ ಬಿದ್ದಿದ್ದೇನೆ. ಗೋಡೆಯ ಪಕ್ಕ ಎರಡು ಅಡಿ ಮಾತ್ರ ಮಣ್ಣು ಬಿಡಿ. ಕಲ್ಲಿನ ಲೆಕ್ಕದಲ್ಲೂ ಅಷ್ಟು ಹಣ ಉಳಿಯುತ್ತದೆ.

ನಾವು ದ್ವಿತೀಯ ಪಿಯುಸಿಯವರು ಮಾರ್ಚಿಗೆ ಹೊರಗೆ. ಮುಂದಿನ ಹೂ ನಾನು ನೋಡುವುದಿಲ್ಲ. ಬಳ್ಳಿ ಎದ್ದಿದ್ದ ಜಾಗ ಮರೆತುಹೋಗದಿರಲಿ ಎಂದು ಮೂರು ಕಲ್ಲಿಗೆ ಸುಣ್ಣ ಬಳಿದು ಇಟ್ಟಿದ್ದೇನೆ. ಪ್ರಥಮ ಪಿಯುಸಿಯವರೇ, ಕೆಲಸದವರು ಬಂದ ದಿನ ದಯವಿಟ್ಟು ಒಬ್ಬರಾದರೂ ಅಲ್ಲಿ ನಿಂತು ಆ ಕಲ್ಲುಗಳನ್ನು ತೋರಿಸಿ. ಅಲ್ಲಿಯವರೆಗೆ ನೀರು ಹಾಕಬೇಡಿ.