ತೋಟದ ನಾಯಿಗೂ ಒಂದು ತಂಪು ಹಣ್ಣು: ಯಾವುದು ಕೊಡಬಹುದು, ಯಾವುದು ಕೊಡಲೇಬಾರದು

ಮಾರ್ಚ್ ಬಂತು ಅಂದ್ರೆ ಬೇಸಿಗೆ ಸಲಹೆಗಳು ಶುರುವಾಗುತ್ತವೆ. ಗಿಡದ ಬುಡಕ್ಕೆ ಹೊದಿಕೆ ಹಾಕಿ, ಡ್ರಿಪ್ ಪೈಪು ಕಟ್ಟಿಕೊಂಡಿದೆಯಾ ನೋಡಿ, ಹಸುವಿಗೆ ಪದೇ ಪದೇ ನೀರು ತೋರಿಸಿ, ಕೋಳಿ ಶೆಡ್ಡಿನ ಮೇಲೆ ತೆಂಗಿನ ಗರಿ ಹೊದಿಸಿ. ಎಲ್ಲವೂ ಸರಿಯಾದ ಮಾತೇ. ಆದರೆ ಈ ಪಟ್ಟಿಯಲ್ಲಿ ತೋಟದ ನಾಯಿ ಮಾತ್ರ ಇರೋದಿಲ್ಲ. ರಾತ್ರಿಯೆಲ್ಲಾ ಹಂದಿ ಓಡಿಸಿ, ಬೆಳಗ್ಗೆ ಕೋತಿ ಹಿಂದೆ ಓಡಿ, ಮಧ್ಯಾಹ್ನ ಪಂಪ್‌ಹೌಸ್ ನೆರಳಲ್ಲಿ ನಾಲಿಗೆ ಚಾಚಿಕೊಂಡು ಏದುಸಿರು ಬಿಡೋ ಪ್ರಾಣಿಗೆ ಬೇಸಿಗೆ ಇಲ್ಲವೇ?

ನಾನು ತೋಟಗಾರಿಕೆ ಪದವಿ ಓದಿ, ಈಗ ಚಿಕ್ಕಬಳ್ಳಾಪುರದ ಕಡೆ ಸಾವಯವದಲ್ಲಿ ಹಣ್ಣು, ತರಕಾರಿ ಬೆಳೀತಿದ್ದೀನಿ. ಬೇಸಿಗೆಯಲ್ಲಿ ನಮ್ಮ ತೋಟದ ಕರಿಯನಿಗೆ ಕಲ್ಲಂಗಡಿ, ಪಪ್ಪಾಯ ಹೆಪ್ಪುಗಟ್ಟಿಸಿ ಕೊಡ್ತೀನಿ. ನೋಡಿದವರು ನಗ್ತಾರೆ. "ಏನಮ್ಮಾ, ಮನುಷ್ಯರಿಗೇ ಗತಿಯಿಲ್ಲ, ನಾಯಿಗೆ ಐಸ್‌ಕ್ರೀಮಾ?" ಅಂತಾರೆ. ಇದು ಪಟ್ಟಣದವರ ಶೋಕಿ ಅನ್ನೋದು ಅವರ ಲೆಕ್ಕ. ನನ್ನ ಅಭಿಪ್ರಾಯ ಬೇರೆ. ಹಣ್ಣು ಬೆಳೆಯುವ ತೋಟದಲ್ಲಿ ಇದಕ್ಕೆ ಖರ್ಚೇ ಇಲ್ಲ. ಗ್ರೇಡಿಂಗ್ ಮಾಡುವಾಗ ಬದಿಗೆ ಬೀಳುವ, ಬಿರುಕುಬಿಟ್ಟ, ಆಕಾರ ಕೆಟ್ಟ ಹಣ್ಣು ಹೇಗೂ ತಿಪ್ಪೆಗೆ ಹೋಗುತ್ತೆ. ಅದರಲ್ಲಿ ಒಂದು ಹಿಡಿ ನಾಯಿಗೆ ಹೋದರೆ ನಷ್ಟವೇನು? ಆದರೆ ಒಂದು ಷರತ್ತು. ಯಾವ ಹಣ್ಣು, ಹೇಗೆ ಬೆಳೆದಿದ್ದು, ಎಷ್ಟು ಅನ್ನೋದು ಗೊತ್ತಿರಬೇಕು. ಗೊತ್ತಿಲ್ಲದೆ ಪ್ರೀತಿಯಿಂದ ಕೊಟ್ಟ ಹಣ್ಣೇ ನಾಯಿಯನ್ನ ಕೊಲ್ಲಬಹುದು.

ಮೊದಲು ನೀರು, ನೆರಳು

ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರೋದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರು ಬಿಟ್ಟರೆ, ಮೈಯ ಬಿಸಿ ಹೊರಗೆ ಹೋಗೋದು ಮುಖ್ಯವಾಗಿ ಏದುಸಿರಿನಿಂದ. ಅದರ ಸಹಜ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿದರೆ ಅಪಾಯ. ರಾಯಚೂರು, ಕಲಬುರಗಿ ಕಡೆ ಹೊರಗಿನ ಬಿಸಿಲೇ 42 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತೆ, ಅಂದರೆ ಸುಮಾರು 107 ಫ್ಯಾರನ್‌ಹೀಟ್. ನಾಯಿಯ ಮೈಗಿಂತ ಗಾಳಿಯೇ ಬಿಸಿ. ಅಂಥ ಹೊತ್ತಲ್ಲಿ ಸರಪಳಿ ಹಾಕಿ ತಗಡಿನ ಶೆಡ್ಡಿನ ಕೆಳಗೆ ಕಟ್ಟಿದರೆ ಅದು ಎಲ್ಲಿಗೆ ಹೋಗಬೇಕು?

ಹಾಗಾಗಿ ತಂಪು ಹಣ್ಣು ಮೂರನೇ ಮಾತು. ಮೊದಲನೆಯದು ನೀರು, ಎರಡನೆಯದು ನೆರಳು. ಅಗಲ ಬಾಯಿಯ ಮಣ್ಣಿನ ಪಾತ್ರೆ ಅಥವಾ ಹಳೇ ಸಿಮೆಂಟ್ ಬಾನಿ ಮರದ ಕೆಳಗಿಡಿ. ದಿನಕ್ಕೆ ಎರಡು ಸಲ ನೀರು ಬದಲಾಯಿಸಿ. ಬಿಸಿಲಲ್ಲಿ ಬಿದ್ದಿರೋ ಪೈಪಿನ ಮೊದಲ ನೀರು ಸುಡುತ್ತಿರುತ್ತೆ, ಅದನ್ನ ಗಿಡದ ಬದಿಗೆ ಹರಿಯಬಿಟ್ಟು ಆಮೇಲೆ ಬಾನಿ ತುಂಬಿಸಿ. ಗೊಬ್ಬರ ಕಲಸಿದ, ಔಷಧಿ ಹೊಡೆದ ಬಕೆಟ್ಟನ್ನ ನಾಯಿ ನೀರಿಗೆ ಇಡಬೇಡಿ, ಎಷ್ಟೇ ತೊಳೆದಿದ್ದರೂ.

ಯಾವ ಹಣ್ಣು ಸರಿ

ಕಲ್ಲಂಗಡಿ ಮೊದಲ ಆಯ್ಕೆ. ಅದರಲ್ಲಿ ಶೇಕಡಾ 92ರಷ್ಟು ನೀರೇ. ಸಿಪ್ಪೆ ಮತ್ತು ಬೀಜ ತೆಗೆಯಬೇಕು. ಕರಬೂಜ, ಪಪ್ಪಾಯ, ಸೀಬೆ, ಬಾಳೆಹಣ್ಣು, ಮಾವಿನ ತಿರುಳು ಕೂಡ ಸ್ವಲ್ಪ ಸ್ವಲ್ಪ ಕೊಡಬಹುದು. ಪಪ್ಪಾಯದ ಬೀಜ, ಸಿಪ್ಪೆ ಬೇಡ. ಸೀಬೆಯ ಗಟ್ಟಿ ಬೀಜದ ಭಾಗ ಬೇಡ. ಮಾವಿನ ಓಟೆಯನ್ನ ಯಾವ ಕಾರಣಕ್ಕೂ ಎಸೆಯಬೇಡಿ. ನಾಯಿ ಅದನ್ನ ನೆಕ್ಕಿ ಬಿಡುತ್ತೆ ಅಂದುಕೊಳ್ತೀವಿ, ಆದರೆ ನುಂಗಿದರೆ ಕರುಳಲ್ಲಿ ಸಿಕ್ಕಿಹಾಕಿಕೊಂಡು ಆಪರೇಷನ್‌ವರೆಗೆ ಹೋಗುತ್ತೆ.

ಮಾಡೋ ವಿಧಾನ ಸುಲಭ. ಮೂರು ಬಗೆ ಹೇಳ್ತೀನಿ.

ಒಂದು: ಕಲ್ಲಂಗಡಿ ತುಂಡು. ಸಿಪ್ಪೆ, ಬೀಜ ತೆಗೆದು ಅರ್ಧ ಇಂಚಿನ ತುಂಡು ಮಾಡಿ. ಒಂದಕ್ಕೊಂದು ಅಂಟದ ಹಾಗೆ ಸ್ಟೀಲ್ ತಟ್ಟೆಯಲ್ಲಿ ಹರಡಿ, ನಾಲ್ಕೈದು ಗಂಟೆ ಫ್ರೀಜರಿನಲ್ಲಿಡಿ. ಆಮೇಲೆ ಡಬ್ಬಿಗೆ ತುಂಬಿಡಬಹುದು.

ಎರಡು: ಪಪ್ಪಾಯ, ಮೊಸರು. ಒಂದು ಲೋಟ ಪಪ್ಪಾಯ ತಿರುಳು, ಅರ್ಧ ಲೋಟ ಹುಳಿಯಾಗದ ಮೊಸರು, ಅರ್ಧ ಲೋಟ ನೀರು ಮಿಕ್ಸಿಗೆ ಹಾಕಿ. ಐಸ್ ಟ್ರೇ ಇಲ್ಲದಿದ್ದರೆ ತೂತಿಲ್ಲದ ಇಡ್ಲಿ ತಟ್ಟೆ ಸಾಕು, ಪ್ರತಿ ಕುಳಿಗೆ ಎರಡು ಚಮಚ ಹಾಕಿ. ಕೆಲವು ನಾಯಿಗಳಿಗೆ ಹಾಲಿನ ಪದಾರ್ಥ ಒಗ್ಗೋದಿಲ್ಲ. ಭೇದಿ ಆದರೆ ಮೊಸರು ಬಿಟ್ಟು ಬರೀ ನೀರಲ್ಲಿ ಮಾಡಿ.

ಮೂರು: ರಾಗಿ ಅಂಬಲಿ, ಬಾಳೆಹಣ್ಣು. ಉಪ್ಪು, ಮಜ್ಜಿಗೆ ಯಾವುದೂ ಹಾಕದೆ ತೆಳ್ಳಗೆ ಬೇಯಿಸಿದ ಅಂಬಲಿ ಪೂರ್ತಿ ಆರಲಿ. ಒಂದು ಲೋಟಕ್ಕೆ ಅರ್ಧ ಬಾಳೆಹಣ್ಣು ಕಿವುಚಿ ಟ್ರೇಗೆ ಹಾಕಿ. ಮುದ್ದೆ ತಿಂದು ಬೆಳೆದ ನಮ್ಮ ನಾಡ ನಾಯಿಗಳಿಗೆ ಇದು ಹೊಸ ರುಚಿಯೇನಲ್ಲ.

ಸಕ್ಕರೆ, ಬೆಲ್ಲ, ಉಪ್ಪು ಬೇಡವೇ ಬೇಡ. ಫ್ರೀಜರಿನಿಂದ ತೆಗೆದು ಐದು ನಿಮಿಷ ಬಿಟ್ಟು, ಅಂಚು ಮೆತ್ತಗಾದ ಮೇಲೆ ಕೊಡಿ. ಕಲ್ಲಿನಂಥ ಐಸ್ ಕಡಿದರೆ ಹಲ್ಲು ಮುರಿಯಬಹುದು. ಗಬಗಬ ನುಂಗುವ ನಾಯಿಯಾದರೆ ತುಂಡು ಮಾಡಬೇಡಿ, ತಟ್ಟೆಯಲ್ಲೇ ತೆಳ್ಳಗೆ ಹೆಪ್ಪುಗಟ್ಟಿಸಿ ನೆಕ್ಕಲು ಬಿಡಿ.

ಎಷ್ಟು ಕೊಡಬೇಕು? ಊಟ ಬಿಟ್ಟು ಕೊಡೋ ತಿಂಡಿ ದಿನದ ಒಟ್ಟು ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲು ದಾಟಬಾರದು ಅನ್ನೋದು ಪಶುವೈದ್ಯರು ಹೇಳೋ ಅಳತೆ. 15 ಕಿಲೋ ತೂಕದ, ಓಡಾಡೋ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಬೇಕು ಅಂತಿಟ್ಟುಕೊಳ್ಳಿ, ತಿಂಡಿಯ ಪಾಲು 80. ನೂರು ಗ್ರಾಂ ಕಲ್ಲಂಗಡಿಯಲ್ಲಿ ಸುಮಾರು 30 ಕ್ಯಾಲೊರಿ, ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 90. ಅಂದರೆ ಕಲ್ಲಂಗಡಿ ಒಂದು ಹಿಡಿ ಕೊಡಬಹುದು, ಬಾಳೆಹಣ್ಣು ಒಂದಿಡೀ ಕೊಟ್ಟರೆ ಲೆಕ್ಕ ದಾಟಿತು. ಸಕ್ಕರೆ ಕಾಯಿಲೆ ಇರೋ ನಾಯಿ, ತೀರಾ ದಪ್ಪ ಆಗಿರೋ ನಾಯಿ, ಇನ್ನೂ ಹಾಲು ಬಿಡದ ಮರಿಗಳಿಗೆ ವೈದ್ಯರನ್ನ ಕೇಳದೆ ಕೊಡಬೇಡಿ.

ದ್ರಾಕ್ಷಿ ವಿಷಯ ಗಟ್ಟಿಯಾಗಿ ಹೇಳಬೇಕು

ಈ ಲೇಖನ ಬರೆಯೋಕೆ ಮುಖ್ಯ ಕಾರಣವೇ ಇದು. ದ್ರಾಕ್ಷಿ ನಾಯಿಗೆ ವಿಷ. ಹಸಿ ದ್ರಾಕ್ಷಿ, ಒಣದ್ರಾಕ್ಷಿ, ಬೀಜ ಇರೋದು, ಇಲ್ಲದ್ದು, ಸಾವಯವದ್ದು, ಔಷಧಿ ಹೊಡೆದದ್ದು, ಎಲ್ಲವೂ. ತಿಂದ ನಾಯಿಯ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಒಂದು ನಾಯಿ ನಾಲ್ಕು ಕಾಳು ತಿಂದು ಚೆನ್ನಾಗಿಯೇ ಇರುತ್ತೆ, ಇನ್ನೊಂದು ಅಷ್ಟೇ ತಿಂದು ಸಾಯುತ್ತೆ. ಇಷ್ಟು ತಿಂದರೆ ಏನೂ ಆಗಲ್ಲ ಅಂತ ಹೇಳಬಲ್ಲ ಅಳತೆ ಇಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ ಅಮೆರಿಕದ ಪಶುವೈದ್ಯರು 2021ರಲ್ಲಿ ಹೇಳಿದರು. ಅದೇ ಆಮ್ಲ ನಮ್ಮ ಹುಣಸೆಹಣ್ಣಿನಲ್ಲೂ ತುಂಬಾ ಇದೆ. ಹುಣಸೆಯನ್ನೂ ದೂರ ಇಡಿ, ಸಾರು ಕಲಸಿದ ಅನ್ನ ಹಾಕುವ ಅಭ್ಯಾಸವನ್ನೂ ಬಿಡಿ.

ಈಗ ನಮ್ಮ ರಾಜ್ಯದ ಚಿತ್ರ ನೋಡಿ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ಚಪ್ಪರಗಳು. ವಿಜಯಪುರದ ಕಡೆ ಬೇಸಿಗೆ ಹೊತ್ತಿಗೆ ಒಣದ್ರಾಕ್ಷಿ ಶೆಡ್ಡುಗಳು ತುಂಬಿರುತ್ತವೆ. ಚಪ್ಪರದ ಕೆಳಗೆ ನೆರಳು ತಂಪಾಗಿರುತ್ತೆ, ನಾಯಿ ಅಲ್ಲೇ ಮಲಗುತ್ತೆ, ಉದುರಿದ ಕಾಳು ಅಲ್ಲೇ ಬಿದ್ದಿರುತ್ತೆ. ಮಕ್ಕಳು ಆಟಕ್ಕೆ ಒಂದೊಂದು ಕಾಳು ಎಸೆದು ಹಿಡಿಸ್ತಾರೆ. ಬೆಳೆ ಬಗ್ಗೆ ಇಷ್ಟೆಲ್ಲಾ ತರಬೇತಿ ಕೊಡೋ ನಾವು, ಅಂದರೆ ತೋಟಗಾರಿಕೆ ಓದಿದವರು, ದ್ರಾಕ್ಷಿ ಬೆಳೆಗಾರರಿಗೆ ಈ ಒಂದು ಮಾತು ಹೇಳೋದೇ ಇಲ್ಲ. ಎರಡು ದಿನ ವಾಂತಿ ಮಾಡಿಕೊಂಡು ನಾಯಿ ಸತ್ತರೆ "ಯಾರೋ ವಿಷ ಹಾಕಿದರು" ಅಂತ ಪಕ್ಕದ ಜಮೀನಿನವರ ಮೇಲೆ ಅನುಮಾನ ಪಡ್ತೀವಿ. ಕಾರಣ ನಮ್ಮದೇ ಚಪ್ಪರದ ಕೆಳಗೆ ಇದ್ದಿರಬಹುದು.

ಕಟಾವಿನ ದಿನಗಳಲ್ಲಿ ನಾಯಿಗೆ ಬೇರೆ ಕಡೆ ನೆರಳು ಮಾಡಿ. ಉದುರಿದ ಕಾಳು ಸಂಜೆಯೇ ಗುಡಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ನಾಯಿ ದ್ರಾಕ್ಷಿ ತಿಂದದ್ದು ಕಣ್ಣಿಗೆ ಬಿದ್ದರೆ ವಾಂತಿ ಆಗುತ್ತಾ ನೋಡೋಣ ಅಂತ ಕಾಯಬೇಡಿ, ಆ ಕೂಡಲೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೊದಲ ಕೆಲವು ಗಂಟೆಗಳಲ್ಲೇ ಮಾಡಬೇಕಾದ ಚಿಕಿತ್ಸೆ ಅದು.

ಇನ್ನು ಕೆಲವು ಬೇಡದ ಪದಾರ್ಥಗಳು: ಸೀತಾಫಲದ ಬೀಜ, ಬೆಣ್ಣೆಹಣ್ಣು ಮತ್ತು ಅದರ ಬೀಜ, ಈರುಳ್ಳಿ ಹೆಚ್ಚಿ ಹಾಕಿದ ಮಜ್ಜಿಗೆ, ಚಾಕೊಲೇಟು. ಸಕ್ಕರೆರಹಿತ ಅಂತ ಮಾರೋ ಐಸ್‌ಕ್ರೀಮು, ಕಡಲೆಕಾಯಿ ಬೆಣ್ಣೆಯಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿ ಪದಾರ್ಥ ಇರಬಹುದು. ಅದು ನಾಯಿಯ ರಕ್ತದ ಸಕ್ಕರೆಯನ್ನ ಒಮ್ಮೆಲೇ ಇಳಿಸಿಬಿಡುತ್ತೆ.

ಔಷಧಿ ಹೊಡೆದ ಹಣ್ಣು

ಸಾವಯವದವಳು ಅಂತ ಇದನ್ನ ಹೇಳ್ತಿಲ್ಲ. ರಾಸಾಯನಿಕ ಬಳಸೋರಿಗೇ ಇದು ಹೆಚ್ಚು ಬೇಕಾದ ಮಾತು. ಪ್ರತಿ ಕೀಟನಾಶಕದ ಜೊತೆ ಬರೋ ಚೀಟಿಯಲ್ಲಿ, ಸಿಂಪಡಿಸಿದ ಮೇಲೆ ಕಟಾವಿಗೆ ಎಷ್ಟು ದಿನ ಕಾಯಬೇಕು ಅಂತ ಬರೆದಿರುತ್ತೆ. ಮಂಡಿಗೆ ಹೋಗೋ ಹಣ್ಣಿಗೆ ಅದನ್ನ ಪಾಲಿಸುವವರೂ, ಬದುವಿಗೆ ಎಸೆಯೋ ಹಣ್ಣಿಗೆ ಲೆಕ್ಕ ಇಡೋದಿಲ್ಲ. ನಿನ್ನೆ ಔಷಧಿ ಬಿದ್ದ ಕರಬೂಜ ಇವತ್ತು ಒಡೆದಿದೆ ಅಂತ ಬದುವಿಗೆ ಹೋದರೆ ಅದನ್ನ ನಾಯಿ, ಕೋಳಿ, ಮೇಕೆ ತಿನ್ನುತ್ತೆ. ಆ ಮೇಕೆಯ ಹಾಲು, ಆ ಕೋಳಿಯ ಮೊಟ್ಟೆ ವಾಪಸ್ ನಮ್ಮ ಅಡುಗೆಮನೆಗೇ ಬರುತ್ತೆ.

ಹುಳುವಿಗೆ ಅಂತ ತೌಡು, ಬೆಲ್ಲಕ್ಕೆ ಕೀಟನಾಶಕ ಕಲಸಿ ಇಡೋ ವಿಷಪಾಷಾಣ, ಬಸವನಹುಳುವಿಗೆ ಹಾಕೋ ಮೆಟಾಲ್ಡಿಹೈಡ್ ಹರಳು ಇನ್ನೂ ಅಪಾಯ. ಬೆಲ್ಲದ ವಾಸನೆಗೆ ಹುಳುವಿಗಿಂತ ಮೊದಲು ನಾಯಿಯೇ ಬರುತ್ತೆ. ಇವನ್ನ ಹಾಕಿದ ತಾಕಿಗೆ ನಾಯಿ, ದನ ಬಿಡಬೇಡಿ, ಮಿಕ್ಕಿದ್ದನ್ನ ಬಯಲಲ್ಲಿ ಇಡಬೇಡಿ.

ನಾನು ಇಟ್ಟುಕೊಂಡಿರೋ ಪರೀಕ್ಷೆ ಸರಳ. ನನ್ನ ಹೊಲದ ಹಣ್ಣನ್ನ ಇವತ್ತೇ ಕೊಯ್ದು ನನ್ನ ನಾಯಿಗೆ ಕೊಡೋ ಧೈರ್ಯ ನನಗಿಲ್ಲ ಅಂದ್ರೆ, ಅದನ್ನ ಗಿರಾಕಿಯ ಮಗುವಿಗೆ ಮಾರೋ ಹಕ್ಕೂ ನನಗಿಲ್ಲ.

ಫ್ರಿಜ್ ಇಲ್ಲದಿದ್ದರೆ

ತೋಟದ ಮನೆಯಲ್ಲಿ ಎಲ್ಲರಿಗೂ ಫ್ರಿಜ್ ಇರಲ್ಲ, ಇದ್ದರೂ ಕರೆಂಟ್ ಇರಲ್ಲ. ಹೆಪ್ಪುಗಟ್ಟಲೇಬೇಕು ಅಂತೇನಿಲ್ಲ, ತಂಪಾದರೆ ಸಾಕು. ಹಣ್ಣನ್ನ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗಾಳಿಯಾಡೋ ನೆರಳಲ್ಲಿಡಿ. ಇಲ್ಲವೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಶೂನ್ಯ ಶಕ್ತಿ ಶೀತಲ ಕೋಣೆ ಕಟ್ಟಿಕೊಳ್ಳಿ. ಇಟ್ಟಿಗೆಯ ಎರಡು ಗೋಡೆ, ನಡುವೆ ಮೂರು ಇಂಚು ಮರಳು, ಬೆಳಗ್ಗೆ ಸಂಜೆ ಮರಳಿಗೆ ನೀರು, ಮೇಲೆ ನೆರಳಿಗೆ ಚಪ್ಪರ. ಒಣ ಬೇಸಿಗೆಯಲ್ಲಿ ಒಳಗೆ ಹೊರಗಿಗಿಂತ 10ರಿಂದ 15 ಡಿಗ್ರಿ ಕಡಿಮೆ ಇರುತ್ತೆ. ಸೊಪ್ಪು, ತರಕಾರಿ ಬಾಡದೆ ಉಳಿಯೋಕೆ ಅಂತ ಮಾಡಿದ್ದು ಅದು. ಮೂಲೆಯಲ್ಲಿ ನಾಯಿಯದೊಂದು ಪಪ್ಪಾಯಕ್ಕೂ ಜಾಗ ಇರುತ್ತೆ.

ಒಂದು ಎಚ್ಚರಿಕೆ. ತಂಪು ಹಣ್ಣು ಚಿಕಿತ್ಸೆಯಲ್ಲ. ಏದುಸಿರು ನಿಲ್ಲದೆ ಜೋರಾಗಿ, ಜೊಲ್ಲು ಅಂಟಂಟಾಗಿ, ಒಸಡು ಕಡುಕೆಂಪಾಗಿ, ನಡೆದರೆ ತೂರಾಡುತ್ತಿದ್ದರೆ ಅದು ಬಿಸಿಲಾಘಾತ. ಬಾಯಿಗೆ ಏನನ್ನೂ ತುರುಕಬೇಡಿ. ನೆರಳಿಗೆ ಎಳೆದು ಮೈಮೇಲೆ ತಣ್ಣೀರು ಸುರೀತಾ ಇರಿ, ಬೀಸಣಿಗೆಯೋ ಫ್ಯಾನೋ ಹಾಕಿ. ಒದ್ದೆ ಗೋಣಿ ಹೊದಿಸಿ ಬಿಡಬೇಡಿ, ಅದು ಸ್ವಲ್ಪ ಹೊತ್ತಿಗೆ ಬಿಸಿಯನ್ನ ಒಳಗೇ ಹಿಡಿದಿಡುತ್ತೆ. ಮೈ ತಣ್ಣಗಾಗ್ತಾ ಬಂದ ಮೇಲೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ.

ಮನುಷ್ಯರಿಗೇ ಗತಿಯಿಲ್ಲ ಅನ್ನೋ ಮಾತಿಗೆ ನನ್ನ ಉತ್ತರ ಇಷ್ಟೇ. ಕಾವಲಿಗೆ ಆಳು ಇಟ್ಟರೆ ಕೂಲಿ, ಊಟ, ಚಹಾ ಎಲ್ಲಾ ಲೆಕ್ಕ ಹಾಕಿ ಕೊಡ್ತೀವಿ. ನಾಯಿ ಕೂಲಿ ಕೇಳೋದಿಲ್ಲ. ಬಾನಿ ತುಂಬಾ ನೀರು, ಮರದ ನೆರಳು, ಗ್ರೇಡಿಂಗ್‌ನಲ್ಲಿ ಬಿದ್ದ ಹಣ್ಣಿನ ಒಂದು ಹಿಡಿ ಅದರ ಪಾಲು. ಈ ವಾರ ಅಷ್ಟು ಮಾಡಿ, ಮತ್ತು ನಿಮ್ಮ ಊರಿನ ದ್ರಾಕ್ಷಿ ಬೆಳೆಗಾರರಲ್ಲಿ ಒಬ್ಬರಿಗಾದರೂ ಮೇಲಿನ ಮಾತು ಮುಟ್ಟಿಸಿ.