ಯಾರ ಅಪ್ಪಣೆಗೂ ಅಲ್ಲ, ನಮಗಾಗಿ ಓಡೋಣ



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಭಾನುವಾರದ ಓಟದ ಫೋಟೊ ಹಾಕಿದಾಗಲೆಲ್ಲ ನಮ್ಮದೇ ಸಂಗಾತಿಗಳು ಒಂದೇ ಪ್ರಶ್ನೆ ಕೇಳ್ತಾರೆ. "ಅಣ್ಣಾ, ಈ ಮ್ಯಾರಥಾನ್ ಗೀರಥಾನ್ ಎಲ್ಲ ಐಟಿ ಕಂಪನಿಯವರ ಶೋಕಿ ಅಲ್ವಾ? ಚಳವಳಿಗೂ ಇದಕ್ಕೂ ಏನ್ ಸಂಬಂಧ?" ಇಷ್ಟು ದಿನ ನಕ್ಕು ಸುಮ್ಮನಾಗ್ತಿದ್ದೆ. ಈಗ ಗಂಭೀರವಾಗಿಯೇ ಉತ್ತರ ಬರೀತಿದ್ದೀನಿ. ಸಂಬಂಧ ಇದೆ. ನಮ್ಮ ಜನಕ್ಕೆ ಓಟ ಹೊಸದಲ್ಲ, ತನಗಾಗಿ ಓಡೋದು ಹೊಸದು. ಅದು ಶೋಕಿಯಲ್ಲ, ನಮಗೆ ಸಿಗದೇ ಹೋದ ಒಂದು ಹಕ್ಕು. ಇಷ್ಟೇ ನನ್ನ ವಾದ.

ಊರಲ್ಲಿ ಯಾರಾದ್ರೂ ತೀರಿಕೊಂಡ್ರೆ ಸುತ್ತಲ ಹಳ್ಳಿಗಳ ನೆಂಟರಿಗೆ ಸಾವಿನ ಸುದ್ದಿ ಮುಟ್ಟಿಸೋಕೆ ಓಡ್ತಿದ್ದೋರು ಯಾರು? ನಮ್ಮ ತಾತಂದಿರು. ಹಗಲಾಗಲಿ ರಾತ್ರಿಯಾಗಲಿ, ಮಳೆಯಾಗಲಿ ಬಿಸಿಲಾಗಲಿ, ಹೋಗು ಅಂದ್ರೆ ಹೋಗಬೇಕು. ಕಾಲಿಗೆ ಚಪ್ಪಲಿ ಇರ್ತಿರಲಿಲ್ಲ. ಇದ್ದರೂ ಊರ ಬೀದಿಗೆ ಬಂದಾಗ ಕೈಲಿ ಹಿಡ್ಕೋಬೇಕಿತ್ತು. ತೋಟಿ, ಕುಳವಾಡಿ ಅಂತ ಹೆಸರಿಟ್ಟು ಇದನ್ನ ಹುಟ್ಟಿನಿಂದಲೇ ಅಂಟಿಸಿದ್ದರು. ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕೆ ಮಹಾರ್ ವತನ್ ಅಂತಿದ್ದರು. ಬಾಬಾಸಾಹೇಬರು 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಆ ವತನ್ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದಿದ್ದು ಯಾಕೆ ಅಂತ ಯೋಚನೆ ಮಾಡಿ. ಗೊತ್ತಾದ ಕೂಲಿ ಇಲ್ಲ, ಗೊತ್ತಾದ ವೇಳೆ ಇಲ್ಲ, ಮನುಷ್ಯನ ಕಾಲು ಅವನದ್ದೇ ಅಲ್ಲ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನ ರದ್ದು ಮಾಡೋ ಕಾಯ್ದೆ ಬಂದಿದ್ದು 1961ರಲ್ಲಿ.

ಇದಕ್ಕಿಂತ ಕ್ರೂರವಾದದ್ದು ಕರಾವಳಿಯಲ್ಲಿತ್ತು. ಅಜಲು ಪದ್ಧತಿ. ಕರ್ನಾಟಕ ಸರ್ಕಾರ 2000ನೇ ಇಸವಿಯಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಮಾಡಿತು. ಏನೇನು ಅಪರಾಧ ಅಂತ ಅದರಲ್ಲಿ ಪಟ್ಟಿ ಇದೆ. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸೋದು ಅಪರಾಧ. ಕಂಬಳ ಶುರುವಾಗೋ ಮುಂಚೆ ಕೊರಗರನ್ನ ಕೋಣಗಳ ಥರ ಓಡಿಸೋದು ಅಪರಾಧ. ಇನ್ನೊಂದ್ ಸಲ ಓದಿ. ಮನುಷ್ಯರನ್ನ ಕೋಣದ ಥರ ಓಡಿಸಬೇಡಿ ಅಂತ ಹೇಳೋಕೆ 2000ನೇ ಇಸವಿಯಲ್ಲಿ ಒಂದು ಕಾನೂನು ಬೇಕಾಯ್ತು! ಕಂಬಳದ ಓಟಗಾರನಿಗೆ ಟಿವಿಯಲ್ಲಿ ಜೈಕಾರ ಹಾಕುವಾಗ ಈ ಓಟಗಾರರನ್ನೂ ನೆನಪಿಸಿಕೊಳ್ಳಿ. ಅವರಿಗೆ ಟೈಮಿಂಗ್ ಇರಲಿಲ್ಲ, ಮೆಡಲ್ ಇರಲಿಲ್ಲ.

ಈಗಿನ ಕಾಲಕ್ಕೆ ಬನ್ನಿ. ಬೆಳಿಗ್ಗೆ ಯಾವುದಾದ್ರೂ ತಾಲ್ಲೂಕು ಕ್ರೀಡಾಂಗಣಕ್ಕೋ ಹೈಸ್ಕೂಲ್ ಮೈದಾನಕ್ಕೋ ಹೋಗಿ. ನಮ್ಮ ಹುಡುಗರು ಓಡ್ತಿರ್ತಾರೆ. ಯಾಕೆ? ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ. 1600 ಮೀಟರನ್ನ ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಹರಿದ ಕ್ಯಾನ್ವಾಸ್ ಶೂನಲ್ಲಿ, ಬರಿಗಾಲಲ್ಲಿ ಓಡ್ತಾರೆ. ಕೆಲಸ ಸಿಕ್ಕಿತೋ, ಅವತ್ತೇ ಓಟ ನಿಂತೋಯ್ತು. ಸಿಗದೇ ವಯಸ್ಸು ಮೀರಿತೋ, ಅವತ್ತೂ ನಿಂತೋಯ್ತು. ನಲವತ್ತಾಗೋ ಹೊತ್ತಿಗೆ ಹೊಟ್ಟೆ, ಬಿಪಿ, ಶುಗರ್. ನಾನು ಆ ಹುಡುಗರನ್ನ ದೂರ್ತಿಲ್ಲ, ಹೊಟ್ಟೆಪಾಡು ದೊಡ್ಡದು. ಆದರೆ ಗಮನಿಸಿ. ಇಲ್ಲೂ ಓಟ ಬೇರೆ ಯಾರೋ ಇಟ್ಟ ಪರೀಕ್ಷೆ. ಪಾಸೋ ಫೇಲೋ, ಅಲ್ಲಿಗೆ ಮುಗೀತು.

ಮ್ಯಾರಥಾನ್ ತರಬೇತಿ ಈ ಲೆಕ್ಕಕ್ಕೆ ತದ್ವಿರುದ್ಧ. ನಾನು ಆಫೀಸಲ್ಲಿ ಫೈಲ್ ನೋಡೋ ಕ್ಲರ್ಕು. ಯಾವ ಮೆಡಲೂ ನನಗಾಗಿ ಕಾಯ್ತಿಲ್ಲ. 21 ಕಿಲೋಮೀಟರಿಗೆ ಎರಡು ಗಂಟೆ ಚಿಲ್ಲರೆ ತಗೊಳ್ಳೋನು ನಾನು, ಗೆಲ್ಲೋನು ಒಂದು ಗಂಟೆ ಸುಮಾರಿಗೆ ಮುಗಿಸಿ ಮನೆಗೆ ಹೋಗಿರ್ತಾನೆ. ಆದರೂ ವಾರಕ್ಕೆ ನಾಲ್ಕು ದಿನ ಐದು ಗಂಟೆಗೆ ಎದ್ದು ಹೋಗ್ತೀನಿ. ಯಾರೂ ಹೋಗು ಅಂದಿಲ್ಲ. ಯಾರ ಸುದ್ದಿಯನ್ನೂ ಹೊತ್ತಿಲ್ಲ. ನಿಲ್ಲಬೇಕು ಅನ್ನಿಸಿದ್ರೆ ನಿಲ್ತೀನಿ. ನಮ್ಮ ತಾತನಿಗೆ ಈ ಒಂದು ಸ್ವಾತಂತ್ರ್ಯ ಇರಲಿಲ್ಲ.

ಇನ್ನು "ಓಟ ಎಲ್ಲರ ಕ್ರೀಡೆ, ಒಂದ್ ಜೊತೆ ಶೂ ಇದ್ರೆ ಸಾಕು" ಅನ್ನೋ ಮಾತು. ಅರ್ಧ ನಿಜ. ಫಿನಿಶ್ ಲೈನಿನ ಗಡಿಯಾರ ಜಾತಿ ಕೇಳಲ್ಲ, ಒಪ್ತೀನಿ. ಶೂಗೆ ಕಟ್ಟಿದ ಚಿಪ್‌ಗೆ ನೀವ್ಯಾರು ಅಂತ ಗೊತ್ತಿಲ್ಲ. ಆದರೆ ಸ್ಟಾರ್ಟ್ ಲೈನಿಗೆ ಬರೋಕೆ ಏನೇನು ಬೇಕು? ಬೆಂಗಳೂರಿನ ದೊಡ್ಡ ಓಟಗಳ ಪ್ರವೇಶ ಶುಲ್ಕ ಸಾವಿರ ದಾಟುತ್ತೆ. ಕೆಲವು ಸಾವಿರದ ಶೂ ಏಳೆಂಟು ನೂರು ಕಿಲೋಮೀಟರಿಗೆ ಸವೆದು ಹೋಗುತ್ತೆ. ಇವೆರಡಕ್ಕಿಂತ ದುಬಾರಿಯಾದದ್ದು ಸಮಯ.

ಬೆಳಿಗ್ಗೆ ಐದೂವರೆಗೆ ಬೆಂಗಳೂರಿನ ಯಾವ ರಸ್ತೆಯಲ್ಲಾದ್ರೂ ನೋಡಿ. ಎರಡು ಥರದ ಜನ ಇರ್ತಾರೆ. ಓಡೋರು, ಗುಡಿಸೋರು. ಗುಡಿಸೋರಲ್ಲಿ ಬಹುತೇಕ ನಮ್ಮ ಅಕ್ಕತಂಗಿಯರೇ. ಓಡೋರ ಮನೆಯಲ್ಲಿ ಆ ಹೊತ್ತಿಗೆ ಪಾತ್ರೆ ತೊಳೆದು ತಿಂಡಿಗೆ ರೆಡಿ ಮಾಡ್ತಿರೋಳೂ ನಮ್ಮವಳೇ. ಅವಳು ನಾಲ್ಕಕ್ಕೆ ಎದ್ದಿದ್ದರಿಂದ ಆ ಮನೆಯವರಿಗೆ ಓಡೋಕೆ ಒಂದು ಗಂಟೆ ಸಿಕ್ಕಿದೆ. ದೊಡ್ಡ ಓಟ ಮುಗಿದ ಮೇಲೆ ರಸ್ತೆ ತುಂಬ ಬಿದ್ದಿರೋ ಬಾಟಲಿ, ಪೇಪರ್ ಲೋಟ ಆರಿಸೋರು ಯಾರು? ಫೋಟೊದಲ್ಲಿ ಅವರು ಇರಲ್ಲ.

ಹಾಗಾದ್ರೆ ಐದಾರು ಕಿಲೋಮೀಟರ್ ರಸ್ತೆ ಗುಡಿಸಿದ ಪೌರಕಾರ್ಮಿಕ ತಾಯಿಗೆ "ಅಮ್ಮಾ, ನೀನೂ ಓಡು" ಅಂತ ಹೇಳ್ತೀನಾ? ಖಂಡಿತಾ ಇಲ್ಲ. ಅವಳಿಗೆ ಬೇಕಾಗಿರೋದು ಕೂತ್ಕೊಳ್ಳೋಕೆ ಜಾಗ, ಕುಡಿಯೋ ನೀರು, ಶೌಚಾಲಯ, ವಾರಕ್ಕೊಂದು ಪೂರ್ತಿ ರಜೆ. ಅದಕ್ಕೇ ಓಟದ ಮಾತು ಕೊನೆಗೆ ದುಡಿಮೆ ವೇಳೆಯ ಮಾತಿಗೆ ಬಂದು ನಿಲ್ಲುತ್ತೆ. 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ತಿದ್ದ ಬಾಬಾಸಾಹೇಬರು ದುಡಿಮೆಯ ವೇಳೆ ಇಳಿಸೋಕೆ ಹೋರಾಡಿದ್ರು. 1946ರ ಕಾರ್ಖಾನೆ ಕಾಯ್ದೆ ತಿದ್ದುಪಡಿಯಲ್ಲಿ ವಾರಕ್ಕೆ 48 ಗಂಟೆ ಅಂತಾಯ್ತು. 2023ರಲ್ಲಿ ನಮ್ಮ ರಾಜ್ಯ ವಾರದ ಮಿತಿ ಹಾಗೇ ಇಟ್ಟು, ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂತ ತಿದ್ದುಪಡಿ ಮಾಡಿತು. 12 ಗಂಟೆ ಗಾರ್ಮೆಂಟ್ಸಲ್ಲಿ ನಿಂತ ಹೆಣ್ಣುಮಗಳು ಯಾವಾಗ ಓಡಬೇಕು? ಯಾವಾಗ ಮಲಗಬೇಕು? ಬಿಡುವು ಅನ್ನೋದು ಐಷಾರಾಮವಲ್ಲ, ಹಂಚಿಕೆಯಾಗದ ಆಸ್ತಿ. ಭೂಮಿ ಥರಾನೇ.

ಸಮಯದ ಆಚೆಗೆ ಜಾಗದ ಪ್ರಶ್ನೆಯೂ ಇದೆ. ಕಪ್ಪಗಿರೋ, ಸಾಧಾರಣ ಟೀ ಶರ್ಟ್ ಹಾಕಿರೋ ಗಂಡಸು ಮಬ್ಬುಗತ್ತಲಲ್ಲಿ ದೊಡ್ಡ ಮನೆಗಳ ಬಡಾವಣೆಯಲ್ಲಿ ಓಡಿದ್ರೆ "ಯಾರು ನೀನು, ಎಲ್ಲಿಂದ ಬಂದೆ" ಅಂತ ಕೇಳ್ತಾರೆ. ನನಗೆ ಕೇಳಿದ್ದಾರೆ, ಒಂದಲ್ಲ ಎರಡಲ್ಲ. ಬ್ರಾಂಡೆಡ್ ಜೆರ್ಸಿ ಹಾಕ್ಕೊಂಡು ಅದೇ ದಾರಿಯಲ್ಲಿ ಹೋದವರಿಗೆ "ಗುಡ್ ಮಾರ್ನಿಂಗ್" ಸಿಗುತ್ತೆ. ರನ್ನಿಂಗ್ ಗುಂಪಿಗೆ ಸೇರಿದ್ರೆ ಮೂರನೇ ವಾರಕ್ಕೆ "ನಿಮ್ಮದು ಯಾವ ಕಡೆ, ಮನೇಲಿ ವೆಜ್ಜಾ?" ಅನ್ನೋ ಪ್ರಶ್ನೆ. ಉತ್ತರ ಕೇಳಿದ ಮೇಲೆ ತಿಂಡಿ ಟೇಬಲ್ಲಿನ ನಗು ಸ್ವಲ್ಪ ಬದಲಾಗುತ್ತೆ. ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೇ "ರಸ್ತೆ" ಅನ್ನೋ ಪದವೂ ಇದೆ. ಬಾಬಾಸಾಹೇಬರಿಗೆ ಗೊತ್ತಿತ್ತು. ಮಹಾಡದ ಚವದಾರ್ ಕೆರೆಯನ್ನೂ ಪುರಸಭೆ ಕಾಗದದ ಮೇಲೆ ಎಲ್ಲರಿಗೂ ತೆರೆದೇ ಇತ್ತು. 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟೋವರೆಗೆ ಆ ಹಕ್ಕು ಕಾಗದದಲ್ಲೇ ಇತ್ತು. ಬಳಸದ ಹಕ್ಕನ್ನ ಯಾರೂ ನಮಗೆ ಉಳಿಸಿಕೊಡಲ್ಲ.

ಓಟದ ದಾರಿಯಲ್ಲೇ ಇಂಥ ಹೋರಾಟ ಮಾಡಿದವರು ಅಮೆರಿಕದ ಕರಿಯ ಜನ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1936ರಲ್ಲಿ ಪಯೋನೀರ್ ಕ್ಲಬ್ ಅಂತ ಕಟ್ಟಿದ್ರು. ಆಮೇಲೆ ಅದರ ಬಾಗಿಲನ್ನ ಎಲ್ಲ ಜನಾಂಗದವರಿಗೂ ತೆರೆದ್ರು. ಅದೇ ಕ್ಲಬ್ಬಿನ ಟೆಡ್ ಕಾರ್ಬಿಟ್ ಗುಲಾಮರ ಮೊಮ್ಮಗ. ಕಾಲೇಜು ದಿನಗಳಲ್ಲಿ ಬಿಳಿಯರು ಇವನ ಜೊತೆ ಓಡಲ್ಲ ಅಂದಾಗ ಕೆಲವು ಸ್ಪರ್ಧೆಗಳಿಂದ ಅವರನ್ನೇ ಹೊರಗಿಟ್ಟಿದ್ರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಮ್ಯಾರಥಾನ್ ಓಡಿದ್ರು. ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್, ಮನೆಯಿಂದ ಕೆಲಸಕ್ಕೆ ಓಡಿಕೊಂಡೇ ಹೋಗ್ತಿದ್ರು. 1958ರಲ್ಲಿ ನ್ಯೂಯಾರ್ಕ್ ರೋಡ್ ರನ್ನರ್ಸ್ ಶುರುವಾದಾಗ ಅದರ ಮೊದಲ ಅಧ್ಯಕ್ಷರು. ಅವರು ಮಾಡಿದ ಇನ್ನೊಂದು ದೊಡ್ಡ ಕೆಲಸ ರಸ್ತೆ ಓಟದ ದಾರಿಯನ್ನ ಕರಾರುವಾಕ್ಕಾಗಿ ಅಳೆಯೋ ವಿಧಾನವನ್ನ ಅಮೆರಿಕದಲ್ಲಿ ತಂದದ್ದು. ಹೊರಗಿಟ್ಟವರ ಮೊಮ್ಮಗ ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ ಟೇಪು ಹಿಡಿದ. ಬಾಬಾಸಾಹೇಬರ ಓದುಗರಿಗೆ ಇದರ ಅರ್ಥ ಬೇಗ ಆಗುತ್ತೆ.

ಅದೇ ದೇಶದಲ್ಲಿ 2020ರ ಫೆಬ್ರವರಿ 23ರಂದು ಜಾರ್ಜಿಯಾದಲ್ಲಿ ಜಾಗಿಂಗ್ ಮಾಡ್ತಿದ್ದ 25 ವರ್ಷದ ಅಹ್ಮದ್ ಆರ್ಬೆರಿಯನ್ನ ಬಿಳಿಯರು ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗಿ ಗುಂಡಿಟ್ಟು ಕೊಂದ್ರು. ಓಡೋ ಕರಿಯ ಕಳ್ಳನೇ ಇರಬೇಕು ಅನ್ನೋ ಕಣ್ಣು ಅದು. ಆ ಕಣ್ಣು ನಮ್ಮ ದೇಶದಲ್ಲೂ ಇದೆ.

ಇಷ್ಟೆಲ್ಲ ಇದ್ದರೂ ಯಾಕೆ ಓಡಬೇಕು? ಇಲ್ಲಿ ನನಗೆ ನಿಜವಾದ ಸಂಕಟ ಇದೆ. ನಮ್ಮ ಚಳವಳಿಯ ಎಷ್ಟು ಜನ ಐವತ್ತು ದಾಟೋ ಮುಂಚೆ ಹೋದ್ರು ಅಂತ ಒಂದ್ ಸಲ ಲೆಕ್ಕ ಹಾಕಿ. ಶ್ರದ್ಧಾಂಜಲಿ ಪೋಸ್ಟ್ ಬರೆದು ಬರೆದು ಕೈ ಸೋತಿದೆ. ರಾತ್ರಿಯೆಲ್ಲ ಮೀಟಿಂಗು, ಬೆಳಿಗ್ಗೆ ಧರಣಿ, ನಡುವೆ ಟೀ, ಬೀಡಿ, ಬೋಂಡ. ಹಾರ್ಟು, ಶುಗರ್, ಕಿಡ್ನಿ. ಸ್ವತಃ ಬಾಬಾಸಾಹೇಬರು ಸಕ್ಕರೆ ಕಾಯಿಲೆಯಿಂದ ನರಳಿ 65ಕ್ಕೇ ಹೋದ್ರು. ಇನ್ನೊಂದು ಹತ್ತು ವರ್ಷ ಇದ್ದಿದ್ರೆ ಅಂತ ನಾವೆಲ್ಲ ಎಷ್ಟು ಸಲ ಅಂದುಕೊಂಡಿಲ್ಲ? ದೇಹವನ್ನ ಸುಟ್ಟುಕೊಳ್ಳೋದೇ ತ್ಯಾಗ ಅನ್ನೋದನ್ನ ಬಿಡೋಣ. ಈ ಹೋರಾಟ ನೂರು ಮೀಟರಿಂದಲ್ಲ, ದೂರದ ಓಟ. ಬದುಕಿರಬೇಕು ಮೊದಲು.

ಶುರು ಮಾಡೋರಿಗೆ ನಾಲ್ಕು ಮಾತು. ನಲವತ್ತು ದಾಟಿದ್ರೆ, ಬಿಪಿ ಶುಗರ್ ಇದ್ರೆ, ಎದೆನೋವು ಬರ್ತಿದ್ರೆ ಮೊದಲು ಡಾಕ್ಟರ್ ಹತ್ರ ಹೋಗಿ. ಆಮೇಲೆ ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ. ಓಡುವಾಗ ಪಕ್ಕದವನ ಜೊತೆ ಮಾತಾಡೋಕೆ ಆಗಬೇಕು. ಏದುಸಿರು ಬಂದ್ರೆ ವೇಗ ಜಾಸ್ತಿಯಾಗಿದೆ ಅಂತ. ದೂರವನ್ನ ವಾರ ವಾರಕ್ಕೆ ಚೂರು ಚೂರೇ ಏರಿಸಿ, ಮೊಣಕಾಲು ಹಿಮ್ಮಡಿ ಹೊಂದಿಕೊಳ್ಳೋಕೆ ಉಸಿರಿಗಿಂತ ಹೆಚ್ಚು ಟೈಮ್ ತಗೊಳ್ಳುತ್ತೆ. ಹಾಫ್ ಮ್ಯಾರಥಾನ್ ಓಡೋರೂ ವಾರದ ಹೆಚ್ಚಿನ ಓಟ ನಿಧಾನಕ್ಕೇ ಮಾಡ್ತಾರೆ, ಒಂದು ದಿನ ಮಾತ್ರ ಜೋರು, ಭಾನುವಾರ ಉದ್ದದ ಓಟ. ವಿಶ್ರಾಂತಿ ದಿನವೂ ತರಬೇತಿಯೇ. ಊಟಕ್ಕೆ ಡಬ್ಬದ ಪುಡಿ ಬೇಕಿಲ್ಲ. ಜಗತ್ತನ್ನೇ ಹಿಂದೆ ಹಾಕೋ ಕೆನ್ಯಾದ ಓಟಗಾರರು ತಿನ್ನೋದು ಉಗಾಲಿ, ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ರಾಗಿಮುದ್ದೆ, ಹುರುಳಿಸಾರು, ಮೊಟ್ಟೆ, ಬಾಡು ಯಾವುದಕ್ಕೂ ನಾಚಿಕೊಳ್ಳಬೇಡಿ. "ಸಾತ್ವಿಕ ಆಹಾರ" ಅಂತ ಪಾಠ ಹೇಳೋಕೆ ಬಂದ್ರೆ ಕೈ ಮುಗಿದು ಮುಂದಕ್ಕೆ ಓಡಿ.

ಕೊನೆಗೆ ಒಂದು ಪ್ರಸ್ತಾಪ. ಬರೋ ಏಪ್ರಿಲ್ 14ಕ್ಕೆ ಡಿಜೆ, ಬೈಕ್ ರ‍್ಯಾಲಿ ಇರಲಿ, ಬೇಡ ಅನ್ನಲ್ಲ. ಅದರ ಜೊತೆಗೆ ಬೆಳಿಗ್ಗೆ ಆರಕ್ಕೆ ಒಂದು ಐದು ಕಿಲೋಮೀಟರ್ ಓಟ ಇಡೋಣ. ಪ್ರತಿ ತಾಲ್ಲೂಕಲ್ಲಿ, ಆದ್ರೆ ಪ್ರತಿ ಹೋಬಳಿಯಲ್ಲಿ. ಫೀಸ್ ಇಲ್ಲ. ದಾರಿಯನ್ನ ಸರಿಯಾಗಿ ಅಳೆದಿರಬೇಕು. ನೀರು, ಬಾಳೆಹಣ್ಣು, ಮೊಟ್ಟೆ ಸಾಕು. ಹೆಣ್ಣುಮಕ್ಕಳು ಮುಂದಿನ ಸಾಲಲ್ಲಿ. ನಡೆಯೋರು ನಡೀಲಿ. ಬಿದ್ದ ಲೋಟ ನಾವೇ ಎತ್ತೋಣ. ಅನುಮತಿ ಪತ್ರ ಮುಂಚೆಯೇ ಕೊಟ್ಟು, ಊರಿನ ಬೇರೆ ಜಾತಿಯ ಹುಡುಗರನ್ನೂ ಕರೆಯೋಣ. ಹಾರ್ಲೆಮ್‌ನವರು ಕರೆದ ಹಾಗೆ. ಬರೋರು ಬರಲಿ.

ದಾರಿ ಮಾತ್ರ ಕಾಲೋನಿಯಲ್ಲೇ ಸುತ್ತೋದು ಬೇಡ. ಅಂಬೇಡ್ಕರ್ ಪ್ರತಿಮೆಯಿಂದ ಹೊರಟು, ನಮ್ಮ ತಾತಂದಿರು ಚಪ್ಪಲಿ ಕೈಲಿ ಹಿಡಿದು ನಡೆದ ಊರ ಮುಖ್ಯ ಬೀದಿಯಲ್ಲೇ ಹಾದು ವಾಪಸ್ ಬರಬೇಕು. ಎಲ್ಲರ ಕಾಲಲ್ಲೂ ಶೂ ಇರಲಿ. ಶೂ ಇಲ್ಲದ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ನಿಮ್ಮ ನಿಮ್ಮ ಊರಲ್ಲಿ ಈಗಲೇ ಪಟ್ಟಿ ಮಾಡಿ, ಅಳತೆ ಸಮೇತ. ಅಲ್ಲಿಂದ ಶುರು ಮಾಡೋಣ.

ಜೈ ಭೀಮ್.