ಊಟದ ಮೇಲಿನ ಜೊಂಪು

ಬಂದಳಿಕೆಯ ಸೋಮೇಶ್ವರ ದೇವಸ್ಥಾನದ ಕಲ್ಲಿನ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತದ ಸನ್ನಿವೇಶಗಳನ್ನು ಕೆತ್ತಿದ್ದಾರೆ. ನಾನು ಅವನ್ನು ನೋಡಲು ಹೊರಟದ್ದು ಮಧ್ಯಾಹ್ನದ ಊಟ ಮುಗಿಸಿಕೊಂಡು. ತಪ್ಪಾದದ್ದು ಅಲ್ಲೇ. ಹತ್ತಿರದಲ್ಲೇ ಇರುವ ಸೋದರಮಾವನ ಮನೆಯಲ್ಲಿ ಅತ್ತೆ ಬೇಡವೆಂದರೂ ಬಿಡದೆ ಬಡಿಸಿದ್ದರು. ಎರಡು ಸಲ ಅನ್ನ ಸಾರು, ಮೂರನೆಯ ಸಲ ಅನ್ನ ಮಜ್ಜಿಗೆ. ಆ ಕಲ್ಲಿನ ಜನಜಂಗುಳಿಯಲ್ಲಿ ಕುಂಭಕರ್ಣನನ್ನು ಹುಡುಕಲು ಶುರುಮಾಡಿದೆ. ಅವನು ಸಿಗುವ ಮೊದಲೇ ನನಗೆ ಆಕಳಿಕೆ ಬಂತು. ಕಂಬಕ್ಕೆ ಒರಗಿ ಕೂತದ್ದು ನೆನಪಿದೆ. ಕಣ್ಣು ಬಿಟ್ಟಾಗ ಬಿಸಿಲು ಒಂದು ಮಾರು ಸರಿದಿತ್ತು.

ಈ ಜೊಂಪು ನಿಮಗೂ ಹೊಸದಲ್ಲ. ಕಚೇರಿಯ ಮೇಜಿನ ಮೇಲೆ ತಲೆ ವಾಲುವುದು, ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಮೇಷ್ಟರೇ ತೂಕಡಿಸುವುದು, ಬಸ್ಸಿನಲ್ಲಿ ಪಕ್ಕದವರ ಹೆಗಲು ನಮ್ಮ ದಿಂಬಾಗುವುದು ಎಲ್ಲ ಊರಿನ ಕಥೆ. ಊಟವಾದ ಮೇಲೆ ರಕ್ತವೆಲ್ಲ ಹೊಟ್ಟೆಗಿಳಿದು, ತಲೆಗೆ ಸಾಲದೆ ನಿದ್ದೆ ಬರುತ್ತದೆ ಎಂದು ನಾವು ಕೇಳುತ್ತ ಬಂದಿದ್ದೇವೆ. ಜಠರ, ಕರುಳುಗಳಿಗೆ ಆಗ ಹೆಚ್ಚು ರಕ್ತ ಹರಿಯುವುದೇನೋ ನಿಜ. ಆದರೆ ಮಿದುಳು ತನ್ನ ಪಾಲನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವ ಅಂಗವಲ್ಲ. ವಯಸ್ಸಾದ ಕೆಲವರಲ್ಲಿ ಮಾತ್ರ ಊಟದ ನಂತರ ರಕ್ತದೊತ್ತಡ ಇಳಿಯುತ್ತದೆ. ಅಂಥವರು ಎಲೆಯ ಮುಂದಿನಿಂದ ಗಡಬಡಿಸಿ ಎದ್ದರೆ ಕಣ್ಣು ಕತ್ತಲಿಟ್ಟು ಬೀಳುವುದುಂಟು.

ನಿಜವಾದ ಕಾರಣ ಬಹುಪಾಲು ನಮ್ಮೊಳಗಿನ ಗಡಿಯಾರದಲ್ಲಿದೆ. ಎಚ್ಚರ, ನಿದ್ದೆಗಳ ಲೆಕ್ಕ ಇಡುವ ಪುಟ್ಟ ಕೇಂದ್ರವೊಂದು ಮಿದುಳಿನಲ್ಲಿದೆ. ದಿನಕ್ಕೆ ಎರಡು ಹೊತ್ತು ನಮ್ಮ ಎಚ್ಚರ ಕುಗ್ಗುತ್ತದೆ. ಒಂದು ನಡುರಾತ್ರಿ ಕಳೆದ ಮೇಲೆ, ಇನ್ನೊಂದು ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ. ಹೊತ್ತು ತಿಳಿಯದ ಹಾಗೆ ಜನರನ್ನು ಕೋಣೆಯಲ್ಲಿಟ್ಟು, ಮಧ್ಯಾಹ್ನದ ಊಟವನ್ನೇ ಕೊಡದೆ ನೋಡಿದಾಗಲೂ ಈ ಮಂಕು ಕಾಣಿಸಿಕೊಂಡಿದೆ. ಹಾಗಾಗಿ ಉಪವಾಸದ ದಿನ ತೂಕಡಿಸಿದರೆ ನಾಚಿಕೊಳ್ಳಬೇಕಾದ್ದಿಲ್ಲ.

ಹಾಗೆಂದು ಅನ್ನ ಪೂರ್ತಿ ನಿರಪರಾಧಿಯೇನೂ ಅಲ್ಲ. ಮಿದುಳಿನಲ್ಲಿ ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ವಸ್ತುವನ್ನು ವಿಜ್ಞಾನಿಗಳು 1998ರಲ್ಲಿ ಗುರುತಿಸಿದರು. ರಕ್ತದಲ್ಲಿ ಸಕ್ಕರೆ ಏರಿದಾಗ ಅದನ್ನು ತಯಾರಿಸುವ ಜೀವಕೋಶಗಳು ಮೆತ್ತಗಾಗುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಪಾಲಿಶ್ ಮಾಡಿದ ಅಕ್ಕಿಯ ಅನ್ನ ಬೇಗ ಸಕ್ಕರೆಯಾಗುತ್ತದೆ. ತಟ್ಟೆಯಲ್ಲಿ ಅನ್ನದ ಗುಡ್ಡ, ಪಕ್ಕದಲ್ಲಿ ಒಂದು ಚಮಚ ಪಲ್ಯ ಇರುವ ನಮ್ಮ ಊಟದ ಕ್ರಮ ಮೊದಲೇ ಕುಗ್ಗುತ್ತಿರುವ ಎಚ್ಚರಕ್ಕೆ ಮೇಲಿಂದ ಕಂಬಳಿ ಹೊದಿಸಿದಂತೆ. ಕಾಳಿನ ಉಸುಳಿ, ಸೊಪ್ಪಿನ ಪಲ್ಯವನ್ನು ಮೊದಲು ತಿಂದು, ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ಮದುವೆ ಮನೆಯಲ್ಲಿ ಕೋಸಂಬರಿ, ಪಲ್ಯಗಳನ್ನು ಮೊದಲು ಬಡಿಸುತ್ತಾರೆ. ನಾವು ಅವನ್ನು ಬದಿಗಿಟ್ಟು ಹೋಳಿಗೆಗೆ ಕಾಯುತ್ತೇವೆ.

ಈ ನಿದ್ದೆಗೆ ನಮ್ಮ ಹಿರಿಯರು ವಾಮಕುಕ್ಷಿ ಎಂದು ಗೌರವದ ಹೆಸರನ್ನೇ ಕೊಟ್ಟಿದ್ದಾರೆ. ಎಡಮಗ್ಗುಲಾಗಿ ಒರಗುವುದು ಎಂದರ್ಥ. ಹಾಗೆ ಮಲಗಿದರೆ ಹುಳಿತೇಗು ಕಡಿಮೆ ಎಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಉಂಡ ಮೇಲೆ ನೂರು ಹೆಜ್ಜೆ ನಡೆದು ಆಮೇಲೆ ಎಡಕ್ಕೆ ಒರಗಬೇಕೆಂದು ಸರ್ವಜ್ಞನೂ ಹೇಳಿದ್ದಾನೆ. ಅವನೇನು ದೂರದವನಲ್ಲ. ಶಿಕಾರಿಪುರದ ಗಡಿ ದಾಟಿದರೆ ಸಿಗುವ ಹಿರೇಕೆರೂರು ಸೀಮೆಯವನು. ಚರಕ ಮಹರ್ಷಿ ಮಾತ್ರ ಸ್ವಲ್ಪ ಬಿಗಿ. ಬೇಸಿಗೆ ಬಿಟ್ಟು ಬೇರೆ ಕಾಲದಲ್ಲಿ ಹಗಲು ನಿದ್ದೆ ಬೇಡ ಎಂದವನು, ಮಕ್ಕಳಿಗೆ, ಮುದುಕರಿಗೆ, ದುಡಿದು ದಣಿದವರಿಗೆ ವಿನಾಯಿತಿ ಕೊಟ್ಟ.

ಎಷ್ಟು ಹೊತ್ತು ಮಲಗಬೇಕು ಎಂಬುದೇ ಇಲ್ಲಿ ಮುಖ್ಯ. ಅಮೆರಿಕದ ನಾಸಾ ಸಂಸ್ಥೆ ದೂರದ ಪ್ರಯಾಣದ ವಿಮಾನ ಚಾಲಕರಿಗೆ ಸರದಿಯ ಮೇಲೆ 40 ನಿಮಿಷ ಬಿಡುವು ಕೊಟ್ಟು ನೋಡಿತ್ತು. ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು. ಬಿಡುವು ಸಿಗದವರಿಗಿಂತ ಚುರುಕಾಗಿದ್ದರು ಎಂದು 1994ರ ವರದಿ ಹೇಳಿತು. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಇಳಿಯುತ್ತೇವೆ. ಅಲ್ಲಿಂದ ಎಬ್ಬಿಸಿದರೆ ತಲೆ ಭಾರ, ಮೈ ಜಡ, ಎಬ್ಬಿಸಿದವರ ಮೇಲೆ ಸಿಟ್ಟು.

ಈಗ ಮಾವನ ವಿಷಯಕ್ಕೆ ಬರುತ್ತೇನೆ. ಭತ್ತ, ಮೆಕ್ಕೆಜೋಳ ಬೆಳೆಯುವ ಅವರು ನಾನು ಕಂಡ ಕಾಲದಿಂದಲೂ ಉಂಡ ಮೇಲೆ ಜಗುಲಿಯ ಚಾಪೆಯಲ್ಲಿ ಕಾಲು ಗಂಟೆ ಒರಗುವವರು. ಯಾರೂ ಎಬ್ಬಿಸಬೇಕಾಗಿರಲಿಲ್ಲ. ಆ ಕಾಲು ಗಂಟೆ ನಿಧಾನವಾಗಿ ಒಂದು ಗಂಟೆಯಾಯಿತು, ಎರಡಾಯಿತು. ನಾಲ್ಕು ಗಂಟೆಗೆ ಎದ್ದರೂ ಮುಖದಲ್ಲಿ ದಣಿವು ಹಾಗೇ ಇರುತ್ತಿತ್ತು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದರು, ರಾತ್ರಿ ಎರಡು ಮೂರು ಸಲ ಹೊರಗೆ ಎದ್ದು ಹೋಗುತ್ತಿದ್ದರು, ಅಂಗಿ ಸಡಿಲವಾಗಿತ್ತು. ನಾವೆಲ್ಲ ಸೇರಿ ಮಾಡಿದ್ದು ತಮಾಷೆ. ‘ಮಾವಾ, ಕುಂಭಕರ್ಣ ದೇವಸ್ಥಾನದಲ್ಲಿಲ್ಲ, ಜಗುಲಿ ಮೇಲಿದ್ದಾನೆ’ ಎಂದವನು ನಾನೇ.

ಆಸ್ಪತ್ರೆಗೆ ಹೋಗಲು ಅವರೂ ಒಪ್ಪಲಿಲ್ಲ ಅನ್ನಿ. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದೇ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ, ಕಾಯಿಲೆಯಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ಮಾಡಿದಳೆಂದು ಶಾಸನವಿದೆ. ತನ್ನ ಮೈ ಹೇಳಿದ್ದನ್ನು ಅವಳು ಕೇಳಿದಳು. ಮಾವ ಮಾತ್ರ ‘ವಯಸ್ಸಾಯ್ತಲ್ಲ’ ಎಂದು ಮಗ್ಗುಲು ಬದಲಿಸುತ್ತಿದ್ದರು. ಕೊನೆಗೆ ಕಾಲ್ಬೆರಳಿಗೆ ತಾಗಿದ ಗುದ್ದಲಿ ಗಾಯ ಮೂರು ವಾರವಾದರೂ ಮಾಯದಿದ್ದಾಗ ಆಸ್ಪತ್ರೆ ಕಂಡರು. ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ದಾಟಿದರೆ ಮಧುಮೇಹವೆಂದು ಲೆಕ್ಕ. ಮಾವನಿಗೆ 240 ಇತ್ತು. ವೈದ್ಯರು ಮೊದಲು ಕೇಳಿದ್ದು, ‘ಊಟ ಆದ ಮೇಲೆ ತುಂಬಾ ನಿದ್ದೆ ಬರ್ತಿತ್ತಾ? ಎಷ್ಟು ದಿನದಿಂದ?’ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ.

ಊಟದ ನಂತರ ನಿದ್ದೆ ಬಂದವರಿಗೆಲ್ಲ ಸಕ್ಕರೆ ಕಾಯಿಲೆ ಎಂದು ಇದರಿಂದ ತಿಳಿಯಬೇಡಿ. ಹಾಗಾಗಿದ್ದರೆ ದೇಶದಲ್ಲಿ ಯಾರೂ ಉಳಿಯುತ್ತಿರಲಿಲ್ಲ. ಎಂದಿನ ಜೊಂಪು ತನ್ನ ಅಳತೆ ಮೀರಿ ಬೆಳೆದರೆ, ಮಲಗಿ ಎದ್ದರೂ ದಣಿವು ಹೋಗದಿದ್ದರೆ ಪರೀಕ್ಷೆ ಮಾಡಿಸಿ ಎಂದಷ್ಟೇ ನನ್ನ ಮಾತು. ರಕ್ತಹೀನತೆ, ಥೈರಾಯ್ಡ್ ತೊಂದರೆ, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟುವುದು, ನೆಗಡಿಗೆ ನುಂಗುವ ಕೆಲವು ಮಾತ್ರೆಗಳು ಕೂಡ ಹೀಗೆ ಮಾಡುತ್ತವೆ. ಇನ್ನೊಂದು ಮಾತು. ತುಂಬ ಉಂಡು ಎರಡು ಗಂಟೆಯ ಬಿಸಿಲಲ್ಲಿ ಬೈಕ್ ಹತ್ತಬೇಡಿ, ಒಕ್ಕಣೆ ಯಂತ್ರಕ್ಕೆ ಕೈ ಕೊಡಬೇಡಿ. ಕಾಫಿ ಕುಡಿದರೆ ಸಾಕೆನ್ನುವವರು ಅದು ಕೆಲಸ ಶುರುಮಾಡಲು ಅರ್ಧ ಗಂಟೆಯಾದರೂ ಬೇಕೆಂಬುದನ್ನು ಮರೆಯುತ್ತಾರೆ.

ಮಾವನ ಚೀಟಿ ಬರೆಯುತ್ತ ವೈದ್ಯರು, ಜೊತೆಗೆ ಬಂದಿದ್ದ ಅತ್ತೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಅವರ ರಕ್ತವನ್ನೂ ಪರೀಕ್ಷಿಸಲು ಹೇಳಿದರು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ಅತ್ತೆಗೆ 8 ಇತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಎಲ್ಲರಿಗೂ ಬಡಿಸಿ, ಮೂರು ಗಂಟೆಗೆ ಉಳಿದದ್ದನ್ನು ಉಂಡು, ಪಾತ್ರೆ ತೊಳೆದು ಎಮ್ಮೆಗೆ ನೀರಿಡಲು ಹೋಗುವವರು ಅವರು. ಮಲಗಿದವರ ಕಾಯಿಲೆಯನ್ನೇ ನಾವು ತಮಾಷೆ ಮಾಡಿದ್ದೆವು. ಮಲಗದೇ ಇದ್ದವರನ್ನು ನೋಡಿಯೇ ಇರಲಿಲ್ಲ.

ಈಗ ಇಬ್ಬರಿಗೂ ಮಾತ್ರೆ ನಡೆದಿದೆ. ಮಾವ ಉಂಡ ಮೇಲೆ ಹಾದಿಯಲ್ಲಿ ಕಾಲು ಗಂಟೆ ನಡೆದು ಬಂದು, ಮೊಬೈಲಿನಲ್ಲಿ ಅಲಾರಾಂ ಇಟ್ಟು 20 ನಿಮಿಷ ಒರಗುತ್ತಾರೆ. ಪಕ್ಕದಲ್ಲಿ ಅತ್ತೆಗೂ ಒಂದು ಚಾಪೆ ಹಾಸಿಡುತ್ತಾರೆ. ಹೋದ ಸಲ ನಾನು ಹೋದಾಗ ಅದರ ಮೇಲೆ ಬೆಕ್ಕು ಮಲಗಿತ್ತು. ಅತ್ತೆ ಅಡುಗೆ ಮನೆಯಲ್ಲಿದ್ದರು.